ಉಪ್ಪಿನಕಾಯಿಗೆ ಐದು ಸ್ಟಾರ್, ವೆಬ್‌ಸೈಟಿಗೆ ಎರಡೇ

ಮೊದಲು ಮಾಲಿನ ವಿಷಯ ಹೇಳಿಬಿಡುತ್ತೇನೆ. ಅಷ್ಟೇ ಬೇಕಾದವರು ಅಷ್ಟು ಓದಿ ಹೊರಡಬಹುದು.

ಅಪ್ಪೆಮಿಡಿ ಉಪ್ಪಿನಕಾಯಿ ಸೊಗಸಾಗಿದೆ. ಮುಚ್ಚಳ ತಿರುಗಿಸಿದ ಕೂಡಲೇ ಸೊನೆಯ ಪರಿಮಳ ಮೂಗಿಗೆ ಬಂತು. ಮಿಡಿ ಸಣ್ಣದು, ತೊಟ್ಟು ಸಮೇತ ಇದೆ, ಕಚ್ಚಿದರೆ ಕಟ್ ಎನ್ನುತ್ತದೆ, ಒಳಗೆ ಗೊರಟು ಇನ್ನೂ ಬಲಿತಿಲ್ಲ. ಎಣ್ಣೆ ಸುರಿದು ಕೆಂಪಗೆ ಮಾಡಿದ ಪೇಟೆ ಉಪ್ಪಿನಕಾಯಿ ಅಲ್ಲ. ಉಪ್ಪಿನಲ್ಲಿ ಚಿರುಟಿಸಿ, ಸಾಸಿವೆ ಮೆಣಸು ಅರೆದು ಹಾಕಿದ್ದು, ನಮ್ಮ ಕಡೆ ಮನೆಗಳಲ್ಲಿ ಮಾಡುವ ಹಾಗೇ. ಜೋನಿ ಬೆಲ್ಲ ಅದಕ್ಕಿಂತ ಒಂದು ಕೈ ಮೇಲು. ನೀರಾಗಿಲ್ಲ, ಸೀದ ವಾಸನೆ ಇಲ್ಲ, ದೋಸೆಗೆ ಹಾಕಿಕೊಂಡರೆ ಚಟ್ನಿ ನೆನಪಾಗುವುದಿಲ್ಲ. ಹಲಸಿನ ಹಪ್ಪಳ ಸುಮಾರು, ಉಪ್ಪು ಸ್ವಲ್ಪ ಜಾಸ್ತಿ. ಪ್ಯಾಕಿಂಗ್ ನೋಡಿ ಖುಷಿಯಾಯಿತು. ಗಾಜಿನ ಜಾಡಿಗಳ ನಡುವೆ ಥರ್ಮೋಕೋಲ್ ಬದಲು ಅಡಕೆ ಹಾಳೆ ಕತ್ತರಿಸಿ ತುರುಕಿದ್ದರು. ಒಂದೂ ಒಡೆದಿರಲಿಲ್ಲ, ಎಣ್ಣೆ ಸೋರಿರಲಿಲ್ಲ. ಸಾಗರದ ಕಡೆಯಿಂದ ತೀರ್ಥಹಳ್ಳಿಗೆ ಮೂರು ದಿನ, ಈ ಮಳೆಯಲ್ಲಿ ಅದು ಪರವಾಗಿಲ್ಲ.

ಇಷ್ಟೆಲ್ಲ ಚೆನ್ನಾಗಿರುವಾಗ ಎರಡೇ ಸ್ಟಾರ್ ಯಾಕೆ ಅಂದರೆ, ಒಂದು ಜಾಡಿ ಬೇಕು ಅಂತ ಆರ್ಡರ್ ಮಾಡಿದ್ದಕ್ಕೆ ನಾಲ್ಕು ಜಾಡಿ ಬಂತು. ತಪ್ಪು ಕಳಿಸಿದವರದ್ದಲ್ಲ. ಆರ್ಡರ್ ಮಾಡಿದವರದ್ದೂ ಅಲ್ಲ. ಆ ಸೈಟ್‌ನಲ್ಲಿ ಯಾವ ಲಿಂಕ್ ಒತ್ತಿದರೂ ಹೊಸ ಟ್ಯಾಬ್ ತೆರೆಯುತ್ತದೆ ನೋಡಿ, ಅದರದ್ದು.

ಅಂಗಡಿಯ ಹೆಸರು ಹಾಕುತ್ತಿಲ್ಲ. ಒಂದು ಮನೆಯವರೇ ಸೇರಿ ನಡೆಸುವ ಸಣ್ಣ ಅಂಗಡಿ, ಹೇಳಿದ ಮೇಲೆ ಸರಿ ಮಾಡಲು ಹೊರಟಿದ್ದಾರೆ. ಹೆಸರು ಹಾಕಿ ಅವರ ವ್ಯಾಪಾರ ಕೆಡಿಸುವುದು ನನಗೆ ಬೇಡ.

ಆರ್ಡರ್ ಮಾಡಿದ್ದು ನನ್ನ ದೊಡ್ಡಪ್ಪ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ಅವರ ಮನೆ. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು, ಈಗ 71 ವರ್ಷ. ಗ್ಲಾಕೋಮಾ ಬಂದು ಎರಡೂ ಕಣ್ಣು ಹೋಗಿ ಆರು ವರ್ಷ ಆಯಿತು. ಮೊದಲ ವರ್ಷ ಜಗಲಿ ಬಿಟ್ಟು ಏಳಲಿಲ್ಲ. ಆಮೇಲೆ ಯಾರೋ ಎನ್‌ವಿಡಿಎ ಬಗ್ಗೆ ಹೇಳಿದರು. ಕಂಪ್ಯೂಟರ್ ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್ ಅದು, ದುಡ್ಡು ಕೊಡಬೇಕಾಗಿಲ್ಲ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಶುರು ಮಾಡಿದ್ದು, ಆಮೇಲೆ ಅವರ ಗೆಳೆಯ ಜೇಮ್ಸ್ ಟೆಹ್ ಸೇರಿಕೊಂಡರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಕನ್ನಡವನ್ನೂ ಓದುತ್ತದೆ. ಡಬ್ಬದೊಳಗೆ ಕೂತು ಮಾತಾಡುವ ಹಾಗೆ ಇರುತ್ತದೆ ಆ ದನಿ, ಆದರೂ ದೊಡ್ಡಪ್ಪ ಅದಕ್ಕೆ ಎಷ್ಟು ಒಗ್ಗಿಹೋಗಿದ್ದಾರೆ ಅಂದರೆ, ನನಗೆ ಒಂದು ಶಬ್ದವೂ ಹಿಡಿಯದಷ್ಟು ವೇಗದಲ್ಲಿ ಇಟ್ಟುಕೊಂಡು ಪೇಪರ್ ಪೂರ್ತಿ ಕೇಳುತ್ತಾರೆ. ಅಡಕೆ ರೇಟು, ಮಳೆ, ಆಮೇಲೆ ತಲೆಬರಹಗಳು. ಅದೇ ಕ್ರಮ.

ಅವರು ಮೌಸ್ ಮುಟ್ಟುವುದಿಲ್ಲ. ಎಚ್ ಒತ್ತಿದರೆ ಒಂದು ಶೀರ್ಷಿಕೆಯಿಂದ ಮುಂದಿನ ಶೀರ್ಷಿಕೆಗೆ, ಕೆ ಒತ್ತಿದರೆ ಲಿಂಕ್‌ನಿಂದ ಲಿಂಕ್‌ಗೆ, ಬಿ ಒತ್ತಿದರೆ ಬಟನ್‌ಗೆ. ಎಂಟರ್ ಒತ್ತಿದರೆ ಒಳಗೆ. ಹಿಂದೆ ಬರಬೇಕಾದರೆ ಆಲ್ಟ್ ಹಿಡಿದು ಎಡ ಬಾಣ. ಈ ಕೊನೆಯದು ಅವರ ಕೈಯಲ್ಲಿರುವ ಊರುಗೋಲು. ಎಲ್ಲಿ ಹೋದರೂ ಆಲ್ಟ್ ಮತ್ತು ಎಡ ಬಾಣ ಒತ್ತಿದರೆ ಬಂದ ಜಾಗಕ್ಕೆ ವಾಪಸ್ ಹೋಗಬಹುದು ಅಂತ ಧೈರ್ಯ.

ಈ ವರ್ಷ ಅವರ ಮನೆಯ ಹಿಂದಿನ ಮಿಡಿಮರ ಹಿಡಿಯಲಿಲ್ಲ. ಮಲೆನಾಡಿನ ಮನೆಯಲ್ಲಿ ಮಿಡಿ ಉಪ್ಪಿನಕಾಯಿ ದುಡ್ಡು ಕೊಟ್ಟು ತರಿಸುವುದು ಅಂದರೆ ದೊಡ್ಡಮ್ಮನಿಗೆ ಮರ್ಯಾದೆ ಪ್ರಶ್ನೆ, ಆದರೆ ಮಳೆಗಾಲ ಪೂರ್ತಿ ಗಂಜಿಗೆ ಏನು ನಂಚಿಕೊಳ್ಳುವುದು? ಹಾಗಾಗಿ ನಾನು ಹೋಗಿದ್ದ ದಿನ ದೊಡ್ಡಪ್ಪ ಲ್ಯಾಪ್‌ಟಾಪ್ ತೆಗೆದರು. ಹೊರಗೆ ಮಳೆ ಧೋ ಅಂತ ಸುರಿಯುತ್ತಿತ್ತು. ನಾನು ಶಿವಮೊಗ್ಗದಲ್ಲಿ ಮನೆಯಿಂದಲೇ ವೆಬ್‌ಸೈಟ್ ಮಾಡಿಕೊಡುವ ಕೆಲಸ ಮಾಡುವವಳು, ಹೋಂಸ್ಟೇಗಳದ್ದು, ಅಂಗಡಿಗಳದ್ದು. ನಾನೇ ಮಾಡಿಕೊಡುತ್ತೇನೆ ಅಂದೆ. "ನೀನು ಸುಮ್ನೆ ಕೂತ್ಕೋ ಮಾರಾಯ್ತಿ, ನಂಗೇನು ಬರಲ್ವಾ?" ಅಂದರು. ಕೂತೆ.

ಮುಖಪುಟ ತೆರೆದರು. ಕೆ, ಕೆ, ಕೆ. "ಅಪ್ಪೆಮಿಡಿ ಉಪ್ಪಿನಕಾಯಿ, ಲಿಂಕ್" ಎಂದಿತು ದನಿ. ಎಂಟರ್. ಪುಟ ಬಂತು, ಅರ್ಧ ಕೆಜಿ ಜಾಡಿಗೆ 340 ರೂಪಾಯಿ ಎಂದು ಓದಿತು. ಬುಟ್ಟಿಗೆ ಹಾಕಿದರು. ಇನ್ನೊಂದು ಸಲ ಪಟ್ಟಿ ನೋಡಿ ಜೋನಿ ಬೆಲ್ಲ ಹುಡುಕೋಣ ಅಂತ ಆಲ್ಟ್ ಹಿಡಿದು ಎಡ ಬಾಣ ಒತ್ತಿದರು.

ಏನೂ ಆಗಲಿಲ್ಲ.

ಮತ್ತೆ ಒತ್ತಿದರು. ದನಿಯೂ ಇಲ್ಲ. "ಎಂತ ಇದು, ಹ್ಯಾಂಗ್ ಆಯ್ತಾ?" ಅಂದರು. ಇನ್ನೂ ಎರಡು ಸಲ. ಆಮೇಲೆ ನೆಟ್‌ವರ್ಕ್ ಹೋಗಿರಬೇಕು ಅಂತ ತೀರ್ಮಾನ ಮಾಡಿದರು, ನಮ್ಮ ಕಡೆ ಮಳೆಗಾಲದಲ್ಲಿ ಎಲ್ಲದಕ್ಕೂ ಅದೇ ಕಾರಣ ಅಲ್ವಾ.

ಪಕ್ಕದಲ್ಲಿ ಕೂತ ನನಗೆ ಕಾಣುತ್ತಿತ್ತು. ಮೇಲೆ ಇನ್ನೊಂದು ಟ್ಯಾಬ್ ಸೇರಿಕೊಂಡಿದೆ, ಹಿಂದೆ ಹೋಗುವ ಬಾಣ ಬೂದು ಬಣ್ಣಕ್ಕೆ ತಿರುಗಿದೆ. ಹೊಸ ಟ್ಯಾಬ್‌ಗೆ ಹಿಂದೆ ಅನ್ನುವುದೇ ಇಲ್ಲ, ಅದು ಈಗ ಹುಟ್ಟಿದ್ದು, ಅದರ ಇತಿಹಾಸ ಖಾಲಿ. ಕಣ್ಣಿದ್ದವರು ಅರೆಕ್ಷಣದಲ್ಲಿ ಮೇಲೆ ನೋಡಿ, ಓಹೋ ಅಂದುಕೊಂಡು, ಹಳೆಯ ಟ್ಯಾಬ್ ಒತ್ತಿ ಹೋಗುತ್ತಾರೆ. ದೊಡ್ಡಪ್ಪನಿಗೆ ಹೊಸ ಟ್ಯಾಬ್ ಬಂತು ಅಂತ ಗೊತ್ತಾಗುವುದು ಹೇಗೆ? ಪುಟದ ಶೀರ್ಷಿಕೆ ಬದಲಾದರೆ ಎನ್‌ವಿಡಿಎ ಹೇಳುತ್ತದೆ, ನಿಜ. ಆದರೆ ಅದೇ ಟ್ಯಾಬ್‌ನಲ್ಲಿ ಹೊಸ ಪುಟ ಬಂದರೂ ಹಾಗೇ ಹೇಳುತ್ತದೆ. ಮೇಲಾಗಿ ಈ ಸೈಟ್‌ನಲ್ಲಿ ಎಲ್ಲ ಪುಟಕ್ಕೂ ಒಂದೇ ಶೀರ್ಷಿಕೆ, ಬರೀ ಅಂಗಡಿಯ ಹೆಸರು. ಮುಖಪುಟಕ್ಕೂ ಅದೇ, ಉಪ್ಪಿನಕಾಯಿಗೂ ಅದೇ, ಹಣ ವಾಪಸ್ ನಿಯಮಕ್ಕೂ ಅದೇ.

ಹಳ್ಳಕ್ಕೆ ಹಾಕಿದ ಸಂಕ ದಾಟಿ ಆಚೆ ದಡ ಮುಟ್ಟಿದ ಕೂಡಲೇ, ಹಿಂದಿನಿಂದ ಯಾರೋ ಸದ್ದಿಲ್ಲದೆ ಸಂಕ ಎತ್ತಿಕೊಂಡು ಹೋದ ಹಾಗೆ.

ಅವರು ಬಿಡುವ ಪೈಕಿ ಅಲ್ಲ. ಬ್ರೌಸರ್‌ನಲ್ಲಿ ವಿಳಾಸದ ಜಾಗಕ್ಕೆ ಹೋಗಿ ಮತ್ತೆ ಅಂಗಡಿಯ ವಿಳಾಸ ಟೈಪ್ ಮಾಡಿದರು. ಮುಖಪುಟ ಬಂತು. ಜೋನಿ ಬೆಲ್ಲ, ಎಂಟರ್, ಇನ್ನೊಂದು ಟ್ಯಾಬ್. ಮತ್ತೆ ಹಿಂದೆ ಹೋಗಲಾಗಲಿಲ್ಲ. ಟ್ಯಾಬ್ ಜಾಸ್ತಿ ಆಗಿದೆ ಎಂದು ಆ ಹೊತ್ತಿಗೆ ಅನುಮಾನ ಬಂದು, ಕಂಟ್ರೋಲ್ ಟ್ಯಾಬ್ ಒತ್ತಿ ಒಂದೊಂದಾಗಿ ತಿರುಗಿಸಿದರು. ಪ್ರತಿ ಸಲವೂ ದನಿ ಅಂಗಡಿಯ ಹೆಸರನ್ನೇ ಹೇಳಿತು. ಎಂಟು ಬಾಗಿಲು, ಎಂಟಕ್ಕೂ ಒಂದೇ ಹೆಸರಿನ ಫಲಕ. ಲಿಂಕ್‌ಗಳ ಪಟ್ಟಿ ತೆಗೆದು ನೋಡೋಣ ಅಂತ ಇನ್ಸರ್ಟ್ ಮತ್ತು ಎಫ್7 ಒತ್ತಿದರು, ಅಲ್ಲಿ ಸಾಲಾಗಿ "ಹೆಚ್ಚು ನೋಡಿ", "ಹೆಚ್ಚು ನೋಡಿ", "ಹೆಚ್ಚು ನೋಡಿ". ಯಾವುದರ ಹೆಚ್ಚು ಅಂತ ಬರೆದಿರಲಿಲ್ಲ.

ಅಷ್ಟರಲ್ಲಿ ದೊಡ್ಡಮ್ಮ ಕರೆದರು ಅಂತ ನಾನು ಒಳಗೆ ಹೋದೆ. ಇಲ್ಲೇ ನಾಲ್ಕು ಜಾಡಿ ಆಗಿದ್ದು.

ಆಮೇಲೆ ಲೆಕ್ಕ ಹಾಕಿದಾಗ ತಿಳಿಯಿತು. ಬುಟ್ಟಿಯಲ್ಲಿ ಎಷ್ಟಿದೆ ಅನ್ನುವುದು ಅಂಗಡಿಯ ಸರ್ವರ್‌ನಲ್ಲಿ ಸರಿಯಾಗಿಯೇ ಇತ್ತು. ಆದರೆ ಹಳೆಯ ಟ್ಯಾಬ್‌ಗೆ ಅದು ಗೊತ್ತಿಲ್ಲ, ಅದು ತೆರೆದಾಗ ಇದ್ದದ್ದನ್ನೇ ತೋರಿಸಿಕೊಂಡು ಕೂತಿರುತ್ತದೆ. ದೊಡ್ಡಪ್ಪ ಹಳೆಯ ಟ್ಯಾಬ್ ಒಂದಕ್ಕೆ ಹೋದಾಗ "ಬುಟ್ಟಿ, ಸೊನ್ನೆ" ಎಂದು ಓದಿತು. ಅಯ್ಯೋ ಹೋಯಿತು ಅಂತ ಮತ್ತೆ ಉಪ್ಪಿನಕಾಯಿ ಹಾಕಿದರು. ಇನ್ನೊಂದು ಟ್ಯಾಬ್‌ನಲ್ಲೂ ಸೊನ್ನೆ. ಮತ್ತೆ ಹಾಕಿದರು. ಹೀಗೆ ನಾಲ್ಕು.

ವಿಳಾಸ ತುಂಬುವ ಪುಟದಲ್ಲಿ ಇನ್ನೊಂದು ತಮಾಷೆ. ಜಿಲ್ಲೆ ಆರಿಸಲು ಒಂದು ಪಟ್ಟಿ ಇದೆ, ಜಿಲ್ಲೆ ಆರಿಸಿದರೆ ಅಲ್ಲಿಯ ಕೊರಿಯರ್ ದರ ತೋರಿಸುವ ಪುಟ ತಾನಾಗಿ ಹೊಸ ಟ್ಯಾಬ್‌ನಲ್ಲಿ ತೆರೆಯುತ್ತದೆ. ಮೌಸ್ ಇದ್ದವರು ಪಟ್ಟಿ ಇಳಿಸಿ, ಶಿವಮೊಗ್ಗ ಹುಡುಕಿ, ಒತ್ತುತ್ತಾರೆ. ಕೀಬೋರ್ಡ್ ಇದ್ದವರು ಕೆಳಬಾಣ ಒತ್ತಿಕೊಂಡು ಹೋಗಬೇಕು. ಒಂದು ಸಲ ಕೆಳಬಾಣ ಒತ್ತಿದ ಕೂಡಲೇ ಮೊದಲ ಜಿಲ್ಲೆ ಆಯ್ಕೆ ಆಗಿಬಿಡುತ್ತದೆ. ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ ಅದು ಬಾಗಲಕೋಟೆ. ತಕ್ಷಣ ಬಾಗಲಕೋಟೆಯ ಕೊರಿಯರ್ ದರ ಹೊಸ ಟ್ಯಾಬ್‌ನಲ್ಲಿ ಹಾಜರ್. ಕರ್ನಾಟಕದ 31 ಜಿಲ್ಲೆಯಲ್ಲಿ ಶಿವಮೊಗ್ಗ ತಲುಪಬೇಕಾದರೆ ಎಷ್ಟು ಟ್ಯಾಬ್ ತೆರೆಯಬೇಕು ನೀವೇ ಯೋಚಿಸಿ. ನಾನು ವಾಪಸ್ ಬಂದಾಗ ದೊಡ್ಡಪ್ಪ ಬಳ್ಳಾರಿಯಲ್ಲಿದ್ದರು. ಆಲ್ಟ್ ಜೊತೆ ಕೆಳಬಾಣ ಒತ್ತಿದರೆ ಪಟ್ಟಿ ಮೊದಲು ತೆರೆದುಕೊಳ್ಳುತ್ತದೆ, ಆಮೇಲೆ ಆರಾಮಾಗಿ ಇಳಿಯಬಹುದು ಅಂತ ಹೇಳಿಕೊಟ್ಟೆ. ಈ ಉಪಾಯ ಎಷ್ಟು ಜನಕ್ಕೆ ಗೊತ್ತಿರುತ್ತದೆ?

ದುಡ್ಡು ಕಟ್ಟುವಾಗ ಬ್ಯಾಂಕಿನ ಪುಟ ಬೇರೆ ಸಣ್ಣ ಕಿಟಕಿಯಲ್ಲಿ ತೆರೆಯಿತು, ಅದೂ ಹಿಂದೆ ಅಡಗಿಕೊಂಡಿತು. ಒಟಿಪಿ ಫೋನಿಗೆ ಬಂತು, ಹಾಕುವ ಜಾಗ ಸಿಗುವಷ್ಟರಲ್ಲಿ ಸಮಯ ಮುಗಿಯಿತು. ಎರಡು ಸಲ ಹೀಗಾದ ಮೇಲೆ, ಮನೆಗೆ ಬಂದಾಗಲೇ ದುಡ್ಡು ಕೊಡುತ್ತೇನೆ ಅನ್ನುವುದನ್ನು ಒತ್ತಿ ಲ್ಯಾಪ್‌ಟಾಪ್ ಮುಚ್ಚಿದರು. ಶುರು ಮಾಡಿ ಐವತ್ತು ನಿಮಿಷ ಆಗಿತ್ತು. ಮುಚ್ಚುವ ಮೊದಲು ನಾನು ಎಣಿಸಿದೆ, 17 ಟ್ಯಾಬ್.

ಮೂರನೇ ದಿನ ಕೊರಿಯರ್ ಹುಡುಗ ಬಂದು 1,840 ರೂಪಾಯಿ ಕೇಳಿದ. ಆಗಬೇಕಿದ್ದದ್ದು 820. ಒಂದು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿ ಎಂಟರವರೆಗೆ ಬ್ಯಾಂಕಿನಲ್ಲಿ ಕೂತು ಹುಡುಕುತ್ತಿದ್ದ ಮನುಷ್ಯ, ಅವತ್ತು ಸುಸ್ತಾಗಿ ಒಟ್ಟು ಮೊತ್ತ ಕೇಳಿಸಿಕೊಂಡಿರಲಿಲ್ಲ. ದೊಡ್ಡಮ್ಮ ಜಾಡಿಗಳನ್ನು ಸಾಲಾಗಿ ಇಟ್ಟು, "ಮನೇಲಿ ಮದುವೆ ಇದ್ಯಾ, ಯಾರದ್ದು?" ಅಂತ ಕೇಳಿದರಂತೆ. ಫೋನಿನಲ್ಲಿ ನನಗೆ ಹೇಳುವಾಗ ದೊಡ್ಡಪ್ಪ ನಕ್ಕರು. ಆಮೇಲೆ, "ಇನ್ಮೇಲೆ ನೀನೇ ಮಾಡು ಬಿಡು" ಅಂದರು. ನಗು ಕೇಳಿ ಸಮಾಧಾನ ಆಗಿತ್ತು, ಈ ಮಾತು ಕೇಳಿ ಹೊಟ್ಟೆಗೆ ಕಲ್ಲು ಬಿದ್ದ ಹಾಗಾಯಿತು.

ಯಾಕಂದರೆ ಇದೇ ಕೆಲಸ ನಾನೂ ಹತ್ತು ವರ್ಷ ಮಾಡಿದ್ದೇನೆ.

ಲಿಂಕ್ ಹೊಸ ಟ್ಯಾಬ್‌ನಲ್ಲಿ ತೆರೆಯಲಿ ಅಂತ ಬರೆಯುವುದಕ್ಕೆ ಎರಡೇ ಶಬ್ದ, ಟಾರ್ಗೆಟ್ ಮತ್ತು ಅಂಡರ್‌ಸ್ಕೋರ್ ಹಾಕಿದ ಬ್ಲ್ಯಾಂಕ್. ಕೈ ತಾನಾಗಿ ಟೈಪ್ ಮಾಡುತ್ತದೆ. ಹೋಂಸ್ಟೇ ಮಾಲೀಕರು ಮೊದಲು ಕೇಳುವುದೇ ಅದು: "ಗಿರಾಕಿ ನಮ್ಮ ಸೈಟ್ ಬಿಟ್ಟು ಹೋಗಬಾರದು ಮೇಡಂ." ಮ್ಯಾಪ್ ಒತ್ತಿದರೂ, ವಾಟ್ಸಾಪ್ ಒತ್ತಿದರೂ ನಮ್ಮ ಪುಟ ಹಿಂದೆ ತೆರೆದೇ ಇರಲಿ ಅಂತ ಆಸೆ. ಗಿರಾಕಿ ನಿಜವಾಗಿ ಹೋಗಬೇಕು ಅಂದುಕೊಂಡರೆ ಹೋಗಿಯೇ ಹೋಗುತ್ತಾರೆ. ಹಿಂದೆ ಬರಬೇಕು ಅಂದುಕೊಂಡವರಿಗೆ ಮಾತ್ರ ಇದು ತೊಂದರೆ ಕೊಡುವುದು. ಇಷ್ಟು ಸಣ್ಣ ವಿಷಯ ನನಗೆ ಹತ್ತು ವರ್ಷ ಹೊಳೆದಿರಲಿಲ್ಲ, ದೊಡ್ಡಪ್ಪನ ಪಕ್ಕ ಕೂರುವವರೆಗೆ.

ಹೊಸ ವಿಷಯವೂ ಅಲ್ಲ ಇದು. ವೆಬ್ ಬಳಕೆ ಬಗ್ಗೆ ಬರೆಯುವ ಜೇಕಬ್ ನೀಲ್ಸನ್ 1999ರಲ್ಲೇ ಸೈಟ್ ಮಾಡುವವರ ಹೊಸ ತಪ್ಪುಗಳು ಅಂತ ಹತ್ತು ಪಟ್ಟಿ ಮಾಡಿದ್ದರು. ಮೊದಲನೆಯದು ಬ್ಯಾಕ್ ಬಟನ್ ಕೆಡಿಸುವುದು, ಎರಡನೆಯದು ಹೊಸ ಕಿಟಕಿ ತೆರೆಯುವುದು. ಎಲ್ಲರಿಗೂ ಬಳಸಲು ಬರುವಂತೆ ಸೈಟ್ ಹೇಗಿರಬೇಕು ಅಂತ ಹೇಳುವ ಡಬ್ಲ್ಯುಸಿಎಜಿ ನಿಯಮಗಳ ಮೊದಲ ಆವೃತ್ತಿ ಬಂದದ್ದೂ ಅದೇ ವರ್ಷದ ಮೇ ತಿಂಗಳಲ್ಲಿ. ಬಳಸುವವರಿಗೆ ಹೇಳದೆ ಹೊಸ ಕಿಟಕಿ ತೆರೆಯಬೇಡಿ ಅಂತ ಅದರಲ್ಲೇ ಇತ್ತು. ವೆಬ್ ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್, ಆಗಿನ ಅದರ 4ನೇ ಆವೃತ್ತಿಯ ಕಟ್ಟುನಿಟ್ಟು ರೂಪದಲ್ಲಿ ಟಾರ್ಗೆಟ್ ಅನ್ನುವುದಕ್ಕೆ ಜಾಗವೇ ಇರಲಿಲ್ಲ. 2014ರ ಎಚ್‌ಟಿಎಂಎಲ್ 5ರಲ್ಲಿ ಮತ್ತೆ ಒಳಗೆ ಬಂತು, ನಮ್ಮಂಥವರಿಗೆ ಹಬ್ಬ.

ನ್ಯಾಯವಾಗಿ ಹೇಳಬೇಕಾದದ್ದು ಇನ್ನೊಂದಿದೆ. ಹೊಸ ಟ್ಯಾಬ್ ತೆರೆಯುವುದನ್ನು ಈಗಿನ ನಿಯಮ ಪೂರ್ತಿ ನಿಷೇಧ ಮಾಡಿಲ್ಲ. 2008ರ ಎರಡನೇ ಆವೃತ್ತಿಯಲ್ಲೂ, 2023ರ ಅಕ್ಟೋಬರ್‌ನಲ್ಲಿ ಬಂದ 2.2ರಲ್ಲೂ 3.2.5 ಅಂತ ಒಂದು ಅಂಶ ಇದೆ. ಇಂಥ ಬದಲಾವಣೆ ಬಳಸುವವರು ಕೇಳಿದಾಗ ಮಾತ್ರ ಆಗಬೇಕು, ಇಲ್ಲವೇ ಅದನ್ನು ನಿಲ್ಲಿಸಲು ದಾರಿ ಇರಬೇಕು ಎನ್ನುತ್ತದೆ ಅದು. ಆದರೆ ಅದು ಟ್ರಿಪಲ್ ಎ ಮಟ್ಟದ್ದು, ಅಂದರೆ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು. ಸಾಮಾನ್ಯವಾಗಿ ಎಲ್ಲರೂ ಕೇಳುವುದು ಡಬಲ್ ಎ ತನಕ. ಹಾಗಾಗಿ ಹೊಸ ಟ್ಯಾಬ್ ವಿಷಯ ಸಲೀಸಾಗಿ ನುಸುಳಿಕೊಂಡು ಹೋಗುತ್ತದೆ. ಈ ಅಂಗಡಿಯ ಬೇರೆ ತಪ್ಪುಗಳಿಗೆ ಆ ವಿನಾಯಿತಿಯೂ ಇಲ್ಲ. ಪ್ರತಿ ಪುಟಕ್ಕೂ ಅದರದೇ ಶೀರ್ಷಿಕೆ ಇರಬೇಕು ಅನ್ನುವುದು ಮೊದಲ ಮೆಟ್ಟಿಲು, ಸಿಂಗಲ್ ಎ. ಪಟ್ಟಿಯಲ್ಲಿ ಒಂದು ಆರಿಸಿದ ಮಾತ್ರಕ್ಕೆ, ಮೊದಲೇ ತಿಳಿಸದೆ, ಹೊಸ ಕಿಟಕಿ ತೆರೆಯಬಾರದು ಅನ್ನುವುದೂ ಸಿಂಗಲ್ ಎ. ಬಾಗಲಕೋಟೆ ಪ್ರಸಂಗ ಅಲ್ಲಿಗೇ ಬರುತ್ತದೆ.

ಹೊಸ ಟ್ಯಾಬ್ ಬೇಕಾಗುವ ಜಾಗವೂ ಇದೆ. ಆ ನಿಯಮಗಳ ಜೊತೆಗಿರುವ ಸಲಹೆಗಳಲ್ಲಿ ಎರಡು ಸಂದರ್ಭ ಹೇಳಿದ್ದಾರೆ. ಉದ್ದನೆಯ ಅರ್ಜಿ ತುಂಬುತ್ತಿರುವಾಗ ನಡುವೆ ಸಹಾಯ ಪುಟ ನೋಡಬೇಕಾದರೆ ಹೊಸ ಟ್ಯಾಬ್ ಒಳ್ಳೆಯದು, ಇಲ್ಲದಿದ್ದರೆ ತುಂಬಿದ್ದೆಲ್ಲ ಹೋಗಿಬಿಡಬಹುದು. ಲಾಗಿನ್ ಆಗಿರುವಾಗ ಹೊರಗಿನ ಲಿಂಕ್ ಒತ್ತಿದರೆ ಲಾಗಿನ್ ಹೋಗುವ ಹಾಗಿದ್ದರೆ, ಅಲ್ಲೂ ಸರಿ. ಆದರೆ ಮೊದಲೇ ಹೇಳಬೇಕು. ಲಿಂಕ್ ಪಕ್ಕದಲ್ಲೇ "ಹೊಸ ಟ್ಯಾಬ್‌ನಲ್ಲಿ ತೆರೆಯುತ್ತದೆ" ಅಂತ ಮೂರು ಶಬ್ದ. ಬರೀ ಬಾಣದ ಚಿತ್ರ ಹಾಕಿ ಸುಮ್ಮನಾದರೆ, ಆ ಚಿತ್ರಕ್ಕೆ ಹೆಸರು ಕೊಡದಿದ್ದರೆ, ದೊಡ್ಡಪ್ಪನಿಗೆ ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ.

ಇನ್ನೊಂದು ಕಡೆಯಿಂದ ನೋಡಿ. ಹೊಸ ಟ್ಯಾಬ್ ಬೇಕಾದವರಿಗೆ ಅದನ್ನು ತೆರೆಯುವ ದಾರಿ ಬ್ರೌಸರ್‌ನಲ್ಲೇ ಇದೆ. ಕಂಟ್ರೋಲ್ ಹಿಡಿದು ಒತ್ತಿದರೆ ಆಯಿತು, ಫೋನಿನಲ್ಲಾದರೆ ಬೆರಳು ಒತ್ತಿ ಹಿಡಿದರೆ ಆಯಿತು. ಸೈಟ್‌ನವರೇ ಬಲವಂತವಾಗಿ ತೆರೆದರೆ, ಬೇಡ ಅಂತ ಹೇಳಲು ಅಷ್ಟು ಸುಲಭದ ದಾರಿ ಇಲ್ಲ. ಫೈರ್‌ಫಾಕ್ಸ್‌ನಲ್ಲಿ ಒಂದು ಗುಟ್ಟಿದೆ. ವಿಳಾಸದ ಜಾಗದಲ್ಲಿ ಅಬೌಟ್ ಕಾನ್ಫಿಗ್ ಅಂತ ಹೊಡೆದು ಒಳಗೆ ಹೋದರೆ "ಬ್ರೌಸರ್ ಲಿಂಕ್ ಓಪನ್ ನ್ಯೂವಿಂಡೋ" ಅನ್ನುವುದು ಸಿಗುತ್ತದೆ, ಅಲ್ಲಿ 3 ಇರುವುದನ್ನು 1 ಮಾಡಿದರೆ ಇಂಥ ಲಿಂಕ್‌ಗಳೆಲ್ಲ ಅದೇ ಟ್ಯಾಬ್‌ನಲ್ಲಿ ತೆರೆಯುತ್ತವೆ. ಇಷ್ಟೇ ಅಗಲ ಎತ್ತರ ಅಂತ ಅಳತೆ ಕೊಟ್ಟು ತೆರೆಯುವ ಸಣ್ಣ ಕಿಟಕಿ, ಅಂದರೆ ಪಾಪ್‌ಅಪ್, ಮಾತ್ರ ಜಗ್ಗುವುದಿಲ್ಲ. ದೊಡ್ಡಪ್ಪನ ಲ್ಯಾಪ್‌ಟಾಪ್‌ನಲ್ಲಿ ಈಗ ಹೀಗೆ ಮಾಡಿಟ್ಟಿದ್ದೇನೆ. ಆದರೂ ಒಂದು ಉಪ್ಪಿನಕಾಯಿ ತರಿಸಲು ಬ್ರೌಸರ್‌ನ ಹೊಟ್ಟೆ ಬಗೆಯಬೇಕಾ?

ಕಣ್ಣು ಕಾಣದವರಿಗೆ ಮಾತ್ರ ಕಷ್ಟ ಅಂದುಕೊಳ್ಳಬೇಡಿ. ನನ್ನ ಅಮ್ಮನಿಗೆ ಕಣ್ಣು ಚೆನ್ನಾಗಿಯೇ ಇದೆ. ಅವರ ಫೋನಿನ ಕ್ರೋಮ್‌ನಲ್ಲಿ ಟ್ಯಾಬ್ ಎಷ್ಟಿವೆ ಅಂತ ತೋರಿಸುವ ಚೌಕದಲ್ಲಿ ಸಂಖ್ಯೆ ಇಲ್ಲ, ಒಂದು ನಗುವ ಮುಖ ಇದೆ. ನೂರು ದಾಟಿದರೆ ಕ್ರೋಮ್ ಹಾಗೆ ಮಾಡುತ್ತದೆ. ಅಮ್ಮ ಅದನ್ನು ಅಲಂಕಾರ ಅಂದುಕೊಂಡಿದ್ದರು. ಅಕ್ಷರ ದೊಡ್ಡದು ಮಾಡಿ ನೋಡುವವರಿಗೆ ಪರದೆಯ ಒಂದು ಮೂಲೆ ಮಾತ್ರ ಕಾಣುವುದರಿಂದ ಮೇಲಿನ ಟ್ಯಾಬ್ ಸಾಲು ಕಣ್ಣಿಗೆ ಬೀಳುವುದೇ ಇಲ್ಲ. ಇನ್ನು ನಮ್ಮ ಹಳ್ಳಿಗಳ ನೆಟ್‌ವರ್ಕ್. ಹಿಂದೆ ಹೋಗುವ ಬಟನ್ ಒತ್ತಿದರೆ ಈಗಾಗಲೇ ಬಂದಿದ್ದ ಪುಟ ಬೇಗ ಸಿಗುತ್ತದೆ. ಅದು ಸಿಗದೆ ಮುಖಪುಟವನ್ನು ಹೊಸದಾಗಿ ತೆರೆಯಬೇಕಾದರೆ ಮೊದಲಿಂದ ಎಲ್ಲ ಇಳಿಯಬೇಕು, ಹೊಸನಗರದ ಕಡೆ ಇರುವವರನ್ನು ಕೇಳಿ ಅದಕ್ಕೆ ಎಷ್ಟು ಹೊತ್ತು ಅಂತ.

ಅಂಗಡಿಯವರಿಗೆ ನಾನು ಫೋನ್ ಮಾಡಿದ್ದು ಕಾನೂನು ಇದೆ ಅಂತ ಹೆದರಿಸಲು ಅಲ್ಲ. ಇರುವುದು ನಿಜ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಖಾಸಗಿಯವರನ್ನೂ ಬಿಟ್ಟಿಲ್ಲ, 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆ ಎಲ್ಲರಿಗೂ ಎಟಕುವುದು ಬದುಕುವ ಹಕ್ಕಿನದೇ ಭಾಗ ಎಂದಿದೆ. ಆದರೆ ಉಪ್ಪಿನಕಾಯಿ ಹಾಕುವ ಮನೆಯವರಿಗೆ ಫೋನ್ ಮಾಡಿ ಸುಪ್ರೀಂ ಕೋರ್ಟ್ ಅಂದರೆ ಚೆನ್ನಾಗಿರುತ್ತದಾ? ನಡೆದದ್ದು ಹೇಳಿದೆ. ಆ ಕಡೆಯ ಅಕ್ಕ ಮೊದಲು ಗಾಬರಿಯಾದರು, ಆಮೇಲೆ ಬಾಗಲಕೋಟೆ ಕಥೆಗೆ ಜೋರಾಗಿ ನಕ್ಕರು. "ಸೈಟ್ ಮಾಡಿಕೊಟ್ಟವರು ಹೀಗಿದ್ರೇ ಗಿರಾಕಿ ನಿಲ್ಲೋದು ಅಂದ್ರು ಮಾರಾಯ್ರೆ, ನಮಗೆ ಎಂತ ಗೊತ್ತು." ಮೂರು ಜಾಡಿ ವಾಪಸ್ ಕಳಿಸಿ, ದುಡ್ಡು ಕೊಡುತ್ತೇವೆ, ಕೊರಿಯರ್ ಖರ್ಚೂ ನಮ್ಮದೇ ಅಂದರು. ಕೇಳಿಸಿಕೊಂಡ ರೀತಿ ನೋಡಿದರೆ ಸೇವೆಗೆ ನಾಲ್ಕು ಸ್ಟಾರ್ ಕೊಡಬಹುದು. ದೊಡ್ಡಪ್ಪ ಒಂದು ಜಾಡಿಯನ್ನೂ ಕಳಿಸಲಿಲ್ಲ. ಒಂದು ನಮ್ಮ ಮನೆಗೆ, ಒಂದು ಅತ್ತೆ ಮನೆಗೆ, ಇನ್ನೊಂದು ಪಕ್ಕದ ಮನೆಗೆ ಹೋಯಿತು.

ಎರಡು ವಾರ ಬಿಟ್ಟು ಸೈಟ್ ಮತ್ತೆ ನೋಡಿದೆ. ಅಂಗಡಿಯೊಳಗಿನ ಲಿಂಕ್‌ಗಳೆಲ್ಲ ಈಗ ಅದೇ ಟ್ಯಾಬ್‌ನಲ್ಲಿ ತೆರೆಯುತ್ತವೆ. ಪುಟಗಳಿಗೆ ಬೇರೆ ಬೇರೆ ಶೀರ್ಷಿಕೆ ಬಂದಿದೆ, ಮುಂದೆ ವಸ್ತುವಿನ ಹೆಸರು, ಹಿಂದೆ ಅಂಗಡಿಯ ಹೆಸರು, ಅದೇ ಕ್ರಮ ಸರಿ. ಕೊರಿಯರ್ ಪಾರ್ಸೆಲ್ ಎಲ್ಲಿದೆ ನೋಡುವ ಲಿಂಕ್ ಮಾತ್ರ ಹೊರಗೆ ಹೋಗುತ್ತದೆ, ಅದಕ್ಕೆ "ಹೊಸ ಟ್ಯಾಬ್‌ನಲ್ಲಿ ತೆರೆಯುತ್ತದೆ" ಅಂತ ಬರೆದಿದ್ದಾರೆ. "ಹೆಚ್ಚು ನೋಡಿ" ಸಾಲು ಇನ್ನೂ ಹಾಗೇ ಇದೆ. ಜಿಲ್ಲೆ ಪಟ್ಟಿಯೂ ಹಾಗೇ, ಬಾಗಲಕೋಟೆಗೆ ಈಗಲೂ ಒಂದೇ ಹೆಜ್ಜೆ. ಬ್ಯಾಂಕಿನ ಕಿಟಕಿ ಅವರ ಕೈಯಲ್ಲಿಲ್ಲವಂತೆ, ದುಡ್ಡು ತೆಗೆದುಕೊಳ್ಳುವ ಕಂಪನಿಯದ್ದಂತೆ.

ಅದಕ್ಕೇ ಎರಡು ಸ್ಟಾರ್. ಮೊದಲು ಬರೆದಿದ್ದರೆ ಒಂದು ಕೊಡುತ್ತಿದ್ದೆ. ಜಿಲ್ಲೆ ಪಟ್ಟಿಯ ಪಕ್ಕ ಒಂದು ಬಟನ್ ಇಟ್ಟು, ಅದನ್ನು ಒತ್ತಿದಾಗ ಮಾತ್ರ ದರ ಅದೇ ಪುಟದಲ್ಲಿ ಕಾಣಿಸುವ ಹಾಗೆ ಮಾಡಿದರೆ ಇನ್ನೆರಡು ಸೇರಿಸುತ್ತೇನೆ.

ಹೋದ ಶನಿವಾರ ದೊಡ್ಡಪ್ಪ ಮತ್ತೆ ಜೋನಿ ಬೆಲ್ಲ ತರಿಸಿದರು, ನನಗೆ ಹೇಳದೆ. ಒಂಬತ್ತು ನಿಮಿಷ ಆಯಿತಂತೆ, ಅದರಲ್ಲಿ ಮೂರು ನಿಮಿಷ ಜಿಲ್ಲೆಗೆ. ಒಂದೇ ಡಬ್ಬ ಬಂತು. ತರಿಸುವವರಿದ್ದರೆ ಬೆಲ್ಲ ಮೊದಲು ನೋಡಿ, ಬೇಗ ಖಾಲಿಯಾಗುತ್ತದೆ. ಹಪ್ಪಳಕ್ಕೆ ಸ್ವಲ್ಪ ಕಾಯಿರಿ, ಮುಂದಿನ ಸಲ ಉಪ್ಪು ಕಮ್ಮಿ ಹಾಕುತ್ತೇವೆ ಅಂದಿದ್ದಾರೆ.